ವಿಮಾನದಲ್ಲಿ ಪಾಲು ಕೊಳ್ಳುವ ಮುಂಚೆ ಕಂಪನಿಯ ಫ್ಲೀಟ್ ನೋಡಿ

ಪ್ರಶ್ನೆ: ನ್ಯೂಜೆರ್ಸಿಯಲ್ಲಿ ನಮ್ಮದೊಂದು ಮಧ್ಯಮ ಗಾತ್ರದ ಕಂಪನಿ ಇದೆ. ತಿಂಗಳಿಗೊಂದು ಸಲ ಷಿಕಾಗೋ, ನಾರ್ತ್ ಕೆರೊಲಿನಾದ ರಾಲಿ ಅಥವಾ ಫ್ಲಾರಿಡಾಕ್ಕೆ ಹೋಗಬೇಕಾಗುತ್ತದೆ, ವರ್ಷಕ್ಕೆ ಎರಡು ಸಲ ಲಾಸ್ ಏಂಜಲೀಸ್‌ಗೆ. ಸಾಮಾನ್ಯವಾಗಿ ನಾಲ್ಕು ಜನ. ಒಂದು ವಿಮಾನದಲ್ಲಿ 1/16 ಪಾಲು ಕೊಳ್ಳುವ ಯೋಚನೆ ಇದೆ. ಮೂರು ಕಂಪನಿಗಳ ಜೊತೆ ಮಾತಾಡಿದೆವು. ಒಂದರಲ್ಲಿ ಏಳೆಂಟು ಮಾದರಿಯ ವಿಮಾನಗಳಿವೆ, ಇನ್ನೊಂದರಲ್ಲಿ ಎರಡೇ ಮಾದರಿ. ಮೂರನೆಯದು ಹೊಸ ಕಂಪನಿ, ಒಂದೇ ಮಾದರಿಯ ಕೆಲವೇ ವಿಮಾನ, ಬೆಲೆ ತುಂಬಾ ಕಡಿಮೆ. ಈ ಕಂಪನಿಗಳು ವಿಮಾನ ಆರಿಸುವುದು ಯಾವ ಲೆಕ್ಕದಲ್ಲಿ? ಆ ಆಯ್ಕೆಯಿಂದ ನಮ್ಮಂಥ ಪಾಲುದಾರರಿಗೆ ಏನು ವ್ಯತ್ಯಾಸ ಆಗುತ್ತದೆ?

ಉತ್ತರ: ಈ ಪ್ರಶ್ನೆಯನ್ನು ದುಡ್ಡು ಕೊಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಪಾಲು ಕೊಳ್ಳುವ ಹೆಚ್ಚಿನವರು ತಾವು ಕೂರುವ ವಿಮಾನವನ್ನಷ್ಟೇ ನೋಡುತ್ತಾರೆ. ಸೀಟು ಹೇಗಿದೆ, ಎದ್ದು ನಿಂತರೆ ತಲೆ ತಾಗುತ್ತಾ, ಟಾಯ್ಲೆಟ್‌ಗೆ ಸರಿಯಾದ ಬಾಗಿಲಿದೆಯಾ, ಗಂಟೆಗೆ ಎಷ್ಟು. ಕಂಪನಿ ನೋಡುವುದೇ ಬೇರೆ. ನೀವು ಇಳಿದು ಹೋದ ಮೇಲೆ ಆ ವಿಮಾನದ ಗತಿ ಏನು ಅನ್ನುವುದನ್ನು ಅದು ನೋಡುತ್ತದೆ. ಖಾಲಿಯಾಗಿ ಮುಂದಿನ ಊರಿಗೆ ಹಾರಲು ಎಷ್ಟು ಇಂಧನ ಬೇಕು, ರಾತ್ರಿ ಯಾವುದೋ ಸಣ್ಣ ಊರಿನಲ್ಲಿ ಕೆಟ್ಟು ನಿಂತರೆ ಬೆಳಗಾಗುವುದರೊಳಗೆ ಯಾರು ರಿಪೇರಿ ಮಾಡುತ್ತಾರೆ, ಹತ್ತು ವರ್ಷ ಬಿಟ್ಟು ಇದನ್ನು ಯಾರು ಕೊಳ್ಳುತ್ತಾರೆ. ಫ್ಲೀಟ್, ಅಂದರೆ ಕಂಪನಿಯ ವಿಮಾನಗಳ ದಂಡು, ಆರಿಸುವ ಕೆಲಸದ ಮುಕ್ಕಾಲು ಭಾಗ ಇಷ್ಟೇ. ನಾನು ಬಹಳ ವರ್ಷ ಮೇಂಟೆನೆನ್ಸ್ ಪ್ಲಾನಿಂಗ್‌ನಲ್ಲಿ ಇದ್ದವನು, ಹಾಗಾಗಿ ನನ್ನ ಕಣ್ಣು ಮೊದಲು ಹ್ಯಾಂಗರಿನ ಕಡೆಗೇ ಹೋಗುತ್ತದೆ.

ಬೆಂಗಳೂರಿನಲ್ಲಿ ಟ್ರಾವೆಲ್ಸ್ ನಡೆಸುವವರನ್ನು ನೆನಪಿಸಿಕೊಳ್ಳಿ. ಅವರ ಅಂಗಳದಲ್ಲಿ ಇನ್ನೋವಾ, ಡಿಸೈರ್ ಸಾಲಾಗಿ ನಿಂತಿರುತ್ತವೆ. ಅದಕ್ಕಿಂತ ಚೆಂದದ ಕಾರು ಮಾರುಕಟ್ಟೆಯಲ್ಲಿ ಇಲ್ಲ ಅಂತ ಅಲ್ಲ. ಚಿಕ್ಕಮಗಳೂರಲ್ಲಿ ಕೆಟ್ಟರೂ ಮೆಕ್ಯಾನಿಕ್ ಸಿಗುತ್ತಾನೆ, ಯಾವ ಡ್ರೈವರ್ ಯಾವ ಗಾಡಿ ಬೇಕಾದರೂ ಹತ್ತಬಹುದು, ಮೂರು ಲಕ್ಷ ಕಿಲೋಮೀಟರ್ ಓಡಿದ ಮೇಲೂ ಕೊಳ್ಳುವವನು ಇದ್ದಾನೆ. ವಿಮಾನದ ಪಾಲು ಮಾರುವ ಕಂಪನಿಯ ತಲೆಯೂ ಹೀಗೇ ಓಡುತ್ತದೆ, ಒಂದೊಂದರ ಬೆಲೆ ನೂರಾರು ಪಟ್ಟು ಜಾಸ್ತಿ ಅಷ್ಟೇ.

ಮೊದಲು ಈ ವ್ಯವಹಾರದ ಒಳಗುಟ್ಟು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಸರಿಯಾಗಿ ಕೂರುವುದಿಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇದೆಯಲ್ಲ, ಇವತ್ತು ನಿಮ್ಮ ಗದ್ದೆ ನಾಟಿಗೆ ನಾನು ಬರುತ್ತೇನೆ, ನಾಳೆ ನನ್ನ ಗದ್ದೆಗೆ ನೀವು ಬನ್ನಿ ಅನ್ನುವುದು. ಇಲ್ಲಿ ನಡೆಯುವುದೂ ಅದೇ. ನಿಮ್ಮ ಹೆಸರಿನಲ್ಲಿ ಒಂದು ನಿರ್ದಿಷ್ಟ ವಿಮಾನದ ಪಾಲು ಇರುತ್ತದೆ, ಆದರೆ ಅದರಲ್ಲೇ ನೀವು ಕೂರುವುದು ಅಪರೂಪ. ನಿಮ್ಮ ವಿಮಾನ ಇನ್ಯಾರನ್ನೋ ಹೊತ್ತು ಟೆಕ್ಸಸ್‌ಗೆ ಹೋಗಿರುತ್ತದೆ, ನಿಮಗೆ ಬೇರೊಬ್ಬರದ್ದು ಬರುತ್ತದೆ. ಎಲ್ಲ ಪಾಲುದಾರರೂ ಒಬ್ಬರಿಗೊಬ್ಬರು ವಿಮಾನ ಬಿಟ್ಟುಕೊಡುತ್ತೇವೆ ಅಂತ ಸಹಿ ಹಾಕಿರುತ್ತಾರೆ. 2003ರಲ್ಲಿ ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಇದಕ್ಕೆಂದೇ ಪ್ರತ್ಯೇಕ ನಿಯಮಾವಳಿ ತಂದಿತು. ಪಾರ್ಟ್ 91ರ ಸಬ್‌ಪಾರ್ಟ್ ಕೆ ಅನ್ನುತ್ತಾರೆ. ಈ ವಿನಿಮಯದ ಒಪ್ಪಂದ ಅದರಲ್ಲಿ ಕಡ್ಡಾಯ. ಸಾಮಾನ್ಯ ವಿಮಾನಕ್ಕೆ 1/16ಕ್ಕಿಂತ ಸಣ್ಣ ಪಾಲು ಮಾಡುವಂತಿಲ್ಲ, ಹೆಲಿಕಾಪ್ಟರ್ ಆದರೆ 1/32. ಒಂದು ವಿಮಾನಕ್ಕೆ ವರ್ಷಕ್ಕೆ 800 ಗಂಟೆ ಅಂತ ಲೆಕ್ಕ, ಹಾಗಾಗಿ 1/16 ಅಂದರೆ 50 ಗಂಟೆ.

ಈಗ ಗಮನಿಸಿ. ಆ 50 ಗಂಟೆ ನೀವು ಒಳಗೆ ಕೂತಿರುವ ಗಂಟೆ. ನಿಮ್ಮನ್ನು ರಾಲಿಯಲ್ಲಿ ಇಳಿಸಿದ ವಿಮಾನ ಅಟ್ಲಾಂಟಾಕ್ಕೆ ಖಾಲಿ ಹೋಗಿ ಇನ್ನೊಬ್ಬರನ್ನು ಹತ್ತಿಸಿಕೊಂಡರೆ, ಆ ಖಾಲಿ ಹಾರಾಟದ ಬಿಲ್ ನಿಮಗೂ ಬರುವುದಿಲ್ಲ, ಅವರಿಗೂ ಬರುವುದಿಲ್ಲ. ಕಂಪನಿಯ ಜೇಬಿನಿಂದ ಹೋಗುತ್ತದೆ. ಇಂಧನ, ಎಂಜಿನ್ ಸವೆತ, ಪೈಲಟ್‌ಗಳ ಸಮಯ ಎಲ್ಲಾ. ಇಡೀ ವಿಮಾನ ಬಾಡಿಗೆಗೆ ಕೊಡುವ ಚಾರ್ಟರ್‌ನಲ್ಲಿ ಹೋಗಿ ಬರುವುದು ಎರಡನ್ನೂ ಗಿರಾಕಿಯ ತಲೆಗೆ ಕಟ್ಟಬಹುದು, ಇಲ್ಲಿ ಆಗದು. ಆದ್ದರಿಂದ ಈ ವ್ಯವಹಾರದಲ್ಲಿ ಉಳಿಯಬೇಕಾದರೆ ದಾರಿ ಒಂದೇ, ಖಾಲಿ ಹಾರಾಟ ಕಡಿಮೆ ಮಾಡುವುದು. ನೀವು ಇಳಿದ ಊರಿನ ಹತ್ತಿರವೇ ಅದೇ ಮಾದರಿಗಾಗಿ ಕಾಯುವ ಇನ್ನೊಬ್ಬರು ಇರಬೇಕು. ಒಂದು ಮಾದರಿಯ ನೂರು ವಿಮಾನ ಇದ್ದರೆ ಅಂಥವರು ಸಿಗುವುದು ಸುಲಭ. ಆರು ಇದ್ದರೆ ಕಷ್ಟ.

ಕೆಡುವ ವಿಷಯದಲ್ಲೂ ಹೀಗೇ. ಒಂದು ಸಣ್ಣ ಲೆಕ್ಕ ಮಾಡಿ ತೋರಿಸುತ್ತೇನೆ. ಯಾವುದೇ ವಿಮಾನ ಹತ್ತು ದಿನಕ್ಕೆ ಒಂದು ದಿನ ಹ್ಯಾಂಗರಿನಲ್ಲಿ ಇರುತ್ತದೆ ಅಂತ ಇಟ್ಟುಕೊಳ್ಳಿ, ಸುಮ್ನೆ ಲೆಕ್ಕಕ್ಕೆ ಹಿಡಿದ ಸಂಖ್ಯೆ. ಕಂಪನಿಯಲ್ಲಿ 20 ವಿಮಾನ. ಒಂದು ದಾರಿ, ನಾಲ್ಕು ಮಾದರಿ, ತಲಾ ಐದೈದು. ಐದರಲ್ಲಿ ಎರಡು ಅಥವಾ ಹೆಚ್ಚು ಒಟ್ಟಿಗೆ ಮಲಗುವ ಸಂಭವ ನೂರಕ್ಕೆ ಸುಮಾರು 8. ನಾಲ್ಕು ಗುಂಪುಗಳನ್ನೂ ಸೇರಿಸಿ ನೋಡಿದರೆ, ಯಾವುದಾದರೂ ಒಂದು ಗುಂಪಿಗೆ ಈ ಗತಿ ಬರುವ ದಿನಗಳು ನೂರಕ್ಕೆ 29ರ ಹತ್ತಿರ. ಇನ್ನೊಂದು ದಾರಿ, 20 ವಿಮಾನವೂ ಒಂದೇ ಮಾದರಿ. ಅಲ್ಲಿ ಅದೇ ಅನುಪಾತದಲ್ಲಿ, ಅಂದರೆ 20ರಲ್ಲಿ 8 ಅಥವಾ ಹೆಚ್ಚು ಒಟ್ಟಿಗೆ ಮಲಗುವ ಸಂಭವ ಹತ್ತು ಸಾವಿರ ದಿನಕ್ಕೆ ನಾಲ್ಕು. ವಿಮಾನಗಳ ಸಂಖ್ಯೆ ಅಷ್ಟೇ, ಕೆಡುವ ರೀತಿ ಅಷ್ಟೇ, ಫಲ ಮಾತ್ರ ಆಕಾಶ ಭೂಮಿ. ನಾಲ್ಕರಿಂದ ಹತ್ತು ಗಂಟೆ ಮುಂಚೆ ಹೇಳಿದರೆ ಸಾಕು, ವಿಮಾನ ಬಂದು ನಿಂತಿರುತ್ತದೆ ಅಂತ ಇವರು ಮಾತು ಕೊಡುತ್ತಾರಲ್ಲ, ಆ ಮಾತು ನಿಂತಿರುವುದು ಈ ಲೆಕ್ಕದ ಮೇಲೆ.

ಮಾದರಿಗಳು ಬೇರೆ ಆದರೇನು, ಒಂದು ಇಲ್ಲದಿದ್ದರೆ ಇನ್ನೊಂದು ದೊಡ್ಡದು ಕಳಿಸುತ್ತಾರೆ ಅಲ್ವಾ ಅಂತ ನೀವು ಕೇಳಬಹುದು. ನಿಜ, ಕಳಿಸುತ್ತಾರೆ. ಆದರೆ ನೀವು ಕೊಡುವುದು ಚಿಕ್ಕದರ ದರ, ಅವರಿಗೆ ತಗಲುವುದು ದೊಡ್ಡದರ ಖರ್ಚು. ತಿಂಗಳಿಗೆ ಒಂದೆರಡು ಸಲ ಆದರೆ ತಡೆದುಕೊಳ್ಳಬಹುದು. ದಿನಾ ಆದರೆ ಕಂಪನಿ ಸೊರಗುತ್ತದೆ. ಅದೂ ಆಗದಿದ್ದಾಗ ಹೊರಗಿನಿಂದ ಚಾರ್ಟರ್ ತರಿಸಬೇಕು. ನಾನು ಕೆಲಸ ಮಾಡುತ್ತಿದ್ದ ಕಡೆ ಒಂದು ಮಾದರಿಯವು ಎರಡೇ ಇದ್ದವು. ಒಂದು ದೊಡ್ಡ ತಪಾಸಣೆಗೆ ಬಿಚ್ಚಿ ಹಾಕಿದ್ದಾಗ ಇನ್ನೊಂದರ ಮುಂದಿನ ಗಾಜಿನಲ್ಲಿ ಬಿರುಕು ಕಾಣಿಸಿತು. ಹೊಸ ಗಾಜು ಬರಲು ಒಂಬತ್ತು ದಿನ. ಆ ಒಂಬತ್ತು ದಿನವೂ ಬಾಡಿಗೆ ವಿಮಾನ ತರಿಸಿ ಜನರನ್ನು ಕಳಿಸಿದೆವು, ಆ ಮಾದರಿಯಿಂದ ವರ್ಷವಿಡೀ ಉಳಿಯಬೇಕಿದ್ದ ಹಣ ಅಷ್ಟರಲ್ಲೇ ಕರಗಿತು. ಅವತ್ತಿನಿಂದ ಯಾರು ಎಷ್ಟೇ ಒಳ್ಳೆಯ ವಿಮಾನ ತೋರಿಸಿದರೂ ನನ್ನ ಮೊದಲ ಮಾತು, ಎಷ್ಟು ತೆಗೆದುಕೊಳ್ಳುತ್ತೀರಿ? ಎರಡು ಅಂದರೆ ಬೇಡ.

ನೆಟ್‌ಜೆಟ್ಸ್ ಕಥೆ ಇಲ್ಲಿ ಹೇಳಲೇಬೇಕು, ಈ ವ್ಯವಹಾರ ಹುಟ್ಟಿದ್ದೇ ಅಲ್ಲಿ. 1964ರಲ್ಲಿ ಒಹಾಯೋದ ಕೊಲಂಬಸ್‌ನಲ್ಲಿ ಶುರುವಾದ ಎಕ್ಸಿಕ್ಯುಟಿವ್ ಜೆಟ್ ಎಂಬ ಕಂಪನಿಯನ್ನು 1984ರಲ್ಲಿ ರಿಚರ್ಡ್ ಸಾಂಟುಲಿ ಕೊಂಡರು. ಗಣಿತ ಓದಿದವರು, ಗೋಲ್ಡ್‌ಮನ್ ಸ್ಯಾಕ್ಸ್‌ನಲ್ಲಿ ಇದ್ದವರು. ಎಲ್ಲರಿಗೂ ಒಂದೇ ದಿನ ವಿಮಾನ ಬೇಕಾಗುವುದಿಲ್ಲ ಅನ್ನುವುದನ್ನು ಲೆಕ್ಕ ಹಾಕಿ 1986ರಲ್ಲಿ ನೆಟ್‌ಜೆಟ್ಸ್ ಎಂಬ ಹೆಸರಿನಲ್ಲಿ ಪಾಲು ಮಾರಲು ಶುರು ಮಾಡಿದರು. ವಾರನ್ ಬಫೆಟ್ ಅವರೇ 1995ರಲ್ಲಿ ಒಂದು ಹಾಕರ್ 1000 ವಿಮಾನದ ಕಾಲು ಪಾಲು ಕೊಂಡರು, ಆಮೇಲೆ 1998ರಲ್ಲಿ ಇಡೀ ಕಂಪನಿಯನ್ನು 72.5 ಕೋಟಿ ಡಾಲರ್‌ಗೆ ಅವರ ಬರ್ಕ್‌ಷೈರ್ ಹ್ಯಾಥವೇ ಕೊಂಡಿತು. ಬೆಳೆಯುವ ಭರದಲ್ಲಿ ಅವರ ಬಳಿ ಏನೇನಿತ್ತು ನೋಡಿ: ಸೆಸ್ನಾದ ಸಿಟೇಶನ್‌ಗಳೇ ನಾಲ್ಕೈದು ಬಗೆ, ಹಾಕರ್‌ನಲ್ಲಿ ಬೇರೆ ಬೇರೆ, ಫಾಲ್ಕನ್, ಗಲ್ಫ್‌ಸ್ಟ್ರೀಮ್, ಕೊನೆಗೆ ಬೋಯಿಂಗ್ 737ನ ಖಾಸಗಿ ಆವೃತ್ತಿ ಕೂಡ. ಗಿರಾಕಿ ಕೇಳಿದ್ದೆಲ್ಲ ಅಂಗಡಿಯಲ್ಲಿ ಸಿಗಬೇಕು ಅನ್ನುವ ಧೋರಣೆ.

2008ರ ಆರ್ಥಿಕ ಕುಸಿತದಲ್ಲಿ ಇದರ ಬೆಲೆ ತೆರಬೇಕಾಯಿತು. ಪಾಲುದಾರರು ಹೊರಟು ನಿಂತರು. ಒಪ್ಪಂದದ ಪ್ರಕಾರ ಅವರ ಪಾಲನ್ನು ಮಾರುಕಟ್ಟೆ ದರಕ್ಕೆ ಕಂಪನಿ ವಾಪಸ್ ಕೊಳ್ಳಬೇಕು, ಅದೇ ಹೊತ್ತಿಗೆ ಹಳೆ ವಿಮಾನಗಳ ದರ ದಿನದಿನಕ್ಕೆ ಇಳಿಯುತ್ತಿತ್ತು. 2009ರಲ್ಲಿ ತೆರಿಗೆಗೆ ಮುಂಚಿನ ನಷ್ಟ 71.1 ಕೋಟಿ ಡಾಲರ್. ಅದರಲ್ಲಿ ಹೆಚ್ಚಿನದು ವಿಮಾನಗಳ ಮೌಲ್ಯ ಇಳಿಸಿ ಬರೆದದ್ದು ಮತ್ತು ಗಾತ್ರ ತಗ್ಗಿಸುವ ಖರ್ಚು. ಬರ್ಕ್‌ಷೈರ್ ಕೊಂಡಾಗ 10.2 ಕೋಟಿ ಇದ್ದ ಸಾಲ 2009ರ ಏಪ್ರಿಲ್ ಹೊತ್ತಿಗೆ 190 ಕೋಟಿಗೆ ಏರಿತ್ತು. ಆ ವರ್ಷ ಸಾಂಟುಲಿ ಬಿಟ್ಟರು, ಡೇವಿಡ್ ಸೊಕೋಲ್ ಬಂದರು, ಫ್ಲೀಟ್ ಕತ್ತರಿಸಿದರು. 2010ರಲ್ಲಿ ಮತ್ತೆ 20 ಕೋಟಿಗೂ ಮೀರಿ ಲಾಭ ಬಂತು.

ಆಮೇಲೆ ಅವರು ಏನು ಕೊಂಡರು ಅನ್ನುವುದರಲ್ಲಿ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಇದೆ. 2010ರಲ್ಲಿ ವಿಮಾನ ತಯಾರಕ ಎಂಬ್ರೇಯರ್‌ನ ಸಣ್ಣ ಜೆಟ್ ಫೀನಮ್ 300 ಖಚಿತವಾಗಿ 50, ಬೇಕಾದರೆ ಇನ್ನೂ 75. 2012ರಲ್ಲಿ ಬೊಂಬಾರ್ಡಿಯರ್ ಮತ್ತು ಸೆಸ್ನಾ ಸೇರಿ 425ರವರೆಗೆ, ಅದರಲ್ಲಿ ಚಾಲೆಂಜರ್ 300 ಸರಣಿ ಮತ್ತು ಆಗಿನ್ನೂ ಹಾರಾಟಕ್ಕೇ ಬರದಿದ್ದ ಸಿಟೇಶನ್ ಲ್ಯಾಟಿಟ್ಯೂಡ್ ದೊಡ್ಡ ಪಾಲು. 2023ರಲ್ಲಿ ಸೆಸ್ನಾದ ಒಡೆಯ ಟೆಕ್ಸ್‌ಟ್ರಾನ್ ಜೊತೆ 15 ವರ್ಷಗಳಲ್ಲಿ 1,500 ವಿಮಾನದವರೆಗೆ ಕೊಳ್ಳುವ ಒಪ್ಪಂದ, ಅದೇ ವರ್ಷ ಎಂಬ್ರೇಯರ್ ಜೊತೆ 250 ಪ್ರೇಟರ್ 500ರವರೆಗೆ. ಮಾದರಿ ಈಗಲೂ ಹಲವು ಇವೆ. ಆದರೆ ಪ್ರತಿ ಅಳತೆಗೆ ಒಂದೆರಡನ್ನೇ ಹಿಡಿದು, ಹಿಡಿದದ್ದನ್ನು ನೂರಾರು ತೆಗೆದುಕೊಳ್ಳುತ್ತಾರೆ. ಇಷ್ಟು ಕೊಳ್ಳುವವರಿಗೆ ಬೆಲೆ ಇಳಿಯುತ್ತದೆ, ಅದು ಎಲ್ಲರಿಗೂ ಗೊತ್ತಿರುವುದೇ. ಇನ್ನೊಂದು ಲಾಭ ಹೊರಗೆ ಅಷ್ಟಾಗಿ ಕಾಣುವುದಿಲ್ಲ: ವಿಮಾನದ ನಕ್ಷೆ ಮೇಜಿನ ಮೇಲೆ ಇರುವಾಗಲೇ ಇವರ ಮಾತು ನಡೆಯುತ್ತದೆ. ವರ್ಷಕ್ಕೆ 400 ಗಂಟೆ ಹಾರಿಸುವ ಒಬ್ಬ ಸಿರಿವಂತನ ಸೀಟಿನ ಕೀಲು ಬೇರೆ, ಸಾವಿರ ಗಂಟೆ ಮೀರಿ ಹಾರುವ ಪಾಲಿನ ವಿಮಾನದ ಸೀಟಿನ ಕೀಲು ಬೇರೆ. ಬಾಗಿಲಿನ ರಬ್ಬರ್, ಟಾಯ್ಲೆಟ್ ಖಾಲಿ ಮಾಡುವ ವ್ಯವಸ್ಥೆ, ಬ್ಯಾಗೇಜ್ ಬಾಗಿಲಿನ ಎತ್ತರ, ಇವೆಲ್ಲ ದಿನಕ್ಕೆ ನಾಲ್ಕು ಸಲ ಬಳಕೆಯಾಗುತ್ತವೆ. ಇಂಥವನ್ನು ಸರಿ ಮಾಡಿಸಿಕೊಳ್ಳುವ ಶಕ್ತಿ ದೊಡ್ಡ ಆರ್ಡರ್ ಇದ್ದವರಿಗೆ ಮಾತ್ರ.

ಫ್ಲೆಕ್ಸ್‌ಜೆಟ್ ಕೂಡ ಅದೇ ದಾರಿ ಹಿಡಿದಿದೆ. 1995ರಲ್ಲಿ ಬೊಂಬಾರ್ಡಿಯರ್ ತನ್ನದೇ ವಿಮಾನ ಮಾರಲು ಕಟ್ಟಿದ ಕಂಪನಿ ಅದು, ಹಾಗಾಗಿ ಮೊದಲು ಬೊಂಬಾರ್ಡಿಯರ್ ಬಿಟ್ಟು ಬೇರೆ ಮಾತೇ ಇರಲಿಲ್ಲ. 2013ರಲ್ಲಿ ಕೆನ್ ರಿಚಿ ಅವರ ಡೈರೆಕ್ಷನಲ್ ಏವಿಯೇಷನ್ 18.5 ಕೋಟಿ ಡಾಲರ್‌ಗೆ ಕೊಂಡ ಮೇಲೆ ಆಯ್ಕೆ ಮುಕ್ತವಾಯಿತು. 2025ರ ಫೆಬ್ರವರಿಯಲ್ಲಿ ಎಂಬ್ರೇಯರ್‌ಗೆ 182 ವಿಮಾನದ ಆರ್ಡರ್ ಕೊಟ್ಟರು, 30 ಹೆಚ್ಚುವರಿಯ ಅವಕಾಶದ ಜೊತೆ: ಪ್ರೇಟರ್ 600, ಪ್ರೇಟರ್ 500, ಫೀನಮ್ 300ಇ. ಈ ಮೂರನ್ನೇ ಯಾಕೆ ಅಂತ ನೋಡಿದರೆ ಪೈಲಟ್ ಕಡೆಯ ಲೆಕ್ಕ ಅರ್ಥವಾಗುತ್ತದೆ. ಪ್ರೇಟರ್ 500 ಮತ್ತು 600 ಎರಡಕ್ಕೂ ಒಂದೇ ಟೈಪ್ ರೇಟಿಂಗ್, ಅಂದರೆ ಆ ಬಗೆಯ ವಿಮಾನ ಹಾರಿಸಲು ಪೈಲಟ್‌ಗೆ ಬೇಕಾದ ಅರ್ಹತೆ. ಒಬ್ಬ ಪೈಲಟ್ ಬೆಳಗ್ಗೆ ಒಂದನ್ನು, ಸಂಜೆ ಇನ್ನೊಂದನ್ನು ಹಾರಿಸಬಹುದು. ರೇಟಿಂಗ್ ಬೇರೆ ಬೇರೆ ಆದರೆ ಪೈಲಟ್‌ಗಳ ಗುಂಪೂ ಬೇರೆ ಬೇರೆ, ಸಿಮ್ಯುಲೇಟರ್ ತರಬೇತಿಯೂ ಬೇರೆ. ಒಂದು ಗುಂಪಿನವರು ಹೋಟೆಲಿನಲ್ಲಿ ಸುಮ್ನೆ ಕೂತಿರುವಾಗ ಇನ್ನೊಂದು ಗುಂಪಿನವರ ಡ್ಯೂಟಿ ಸಮಯ ಮುಗಿದುಹೋಗಿರುತ್ತದೆ. ವಿಮಾನ ಸರಿಯಾಗಿ ನಿಂತಿದೆ, ಹಾರಿಸುವವರಿಲ್ಲ. ಗಿರಾಕಿಗೆ ಇದು ಹೇಗೆ ಅರ್ಥವಾಗಬೇಕು ಹೇಳಿ. ಪಾಲಿನ ವಿಮಾನಕ್ಕೆ ಇಬ್ಬರು ಪೈಲಟ್‌ಗಳು ಬೇಕು ಅನ್ನುವುದೂ ನೆನಪಿರಲಿ. ಒಬ್ಬರೇ ಹಾರಿಸಬಹುದು ಅಂತ ಪ್ರಮಾಣಪತ್ರ ಇರುವ ಸಣ್ಣ ಜೆಟ್ ಆದರೂ ಈ ಕಾರ್ಯಕ್ರಮದಲ್ಲಿ ಎರಡನೆಯವರ ಸಂಬಳ ತಪ್ಪುವುದಿಲ್ಲ. ಹಾಗಾಗಿ ತೀರಾ ಸಣ್ಣ ವಿಮಾನದ ಉಳಿತಾಯ ಕಾಗದದ ಮೇಲೆ ಕಂಡಷ್ಟು ಇರುವುದಿಲ್ಲ.

ಎಂಜಿನ್ ಬಗ್ಗೆ ಒಂದು ಮಾತು. ಚಾಲೆಂಜರ್ 350, ಪ್ರೇಟರ್, ಸಿಟೇಶನ್ ಲಾಂಜಿಟ್ಯೂಡ್, ಗಲ್ಫ್‌ಸ್ಟ್ರೀಮ್ ಜಿ280 ನೋಡಲು ನಾಲ್ಕು ಬೇರೆ ಮನೆಯ ಮಕ್ಕಳು, ಎಲ್ಲದರ ಹಿಂದೆಯೂ ಕೂತಿರುವುದು ಹನಿವೆಲ್‌ನ ಎಚ್‌ಟಿಎಫ್7000 ಕುಟುಂಬದ ಎಂಜಿನ್. ಇಷ್ಟು ಕಂಪನಿಗಳು ಒಂದೇ ಎಂಜಿನ್ ಕುಟುಂಬ ಬಳಸಿದರೆ, ರಿಪೇರಿ ಬಲ್ಲವರು ಹೆಚ್ಚು, ಬಾಡಿಗೆ ಎಂಜಿನ್ ಬೇಗ ಸಿಗುತ್ತದೆ. ಗಂಟೆಗೆ ಇಷ್ಟು ಅಂತ ಕಟ್ಟುವ ಎಂಜಿನ್ ನಿರ್ವಹಣಾ ಯೋಜನೆಯಿಂದ ಖರ್ಚು ಮುಂಚೆಯೇ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ವಿಮಾನದ ಬ್ರ್ಯಾಂಡ್‌ಗಿಂತ ಇದು ದೊಡ್ಡ ವಿಷಯ.

ಇನ್ನು ವಿಮಾನ ನಿಲ್ದಾಣಗಳು. ನೀವು ನ್ಯೂಜೆರ್ಸಿಯವರು, ಟೆಟರ್‌ಬರೋ ಗೊತ್ತಿದ್ದೇ ಇರುತ್ತದೆ. ಅಲ್ಲಿ ವಿಮಾನದ ತೂಕ 1,00,000 ಪೌಂಡ್ ಮೀರುವಂತಿಲ್ಲ. ಗಲ್ಫ್‌ಸ್ಟ್ರೀಮ್ ಜಿ650ರ ಗರಿಷ್ಠ ತೂಕ 99,600 ಪೌಂಡ್, ನುಸುಳುತ್ತದೆ. ಬೊಂಬಾರ್ಡಿಯರ್ ಗ್ಲೋಬಲ್ 7500 ಪೂರ್ತಿ ಇಂಧನ ತುಂಬಿದರೆ 1,14,000 ಪೌಂಡ್ ದಾಟುತ್ತದೆ, ಅಲ್ಲಿಂದ ಹೊರಡಬೇಕಾದರೆ ಇಂಧನ ಕಡಿಮೆ ಮಾಡಬೇಕು. ಚಳಿಗಾಲದಲ್ಲಿ ಎಲ್ಲರೂ ಓಡುವ ಕೊಲರಾಡೋದ ಆಸ್ಪೆನ್ ಇನ್ನೊಂದು ಥರ. ಸಮುದ್ರ ಮಟ್ಟದಿಂದ 7,800 ಅಡಿ ಎತ್ತರ, ಸುತ್ತ ಬೆಟ್ಟ, ಮೇಲಾಗಿ ರೆಕ್ಕೆಯ ಅಗಲಕ್ಕೆ 95 ಅಡಿಯ ಮಿತಿ. ಜಿ650ರ ರೆಕ್ಕೆ 99 ಅಡಿ ಮೀರಿದೆ, ಇಳಿಯುವಂತಿಲ್ಲ. ಅದಕ್ಕಿಂತ ಹಳೆಯ ಜಿ550 ಇಳಿಯುತ್ತದೆ. ಅತಿ ದುಬಾರಿ ವಿಮಾನದ ಪಾಲು ಕೊಂಡವರೇ ಆಸ್ಪೆನ್‌ಗೆ ಹೋಗುವಾಗ ಚಿಕ್ಕದಕ್ಕೆ ಬದಲಾಯಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದಲೇ ಕಂಪನಿಯ ಫ್ಲೀಟಿಗೆ ಮಧ್ಯದ ಅಳತೆಯ ವಿಮಾನಗಳು ಬೆನ್ನೆಲುಬು. ಲ್ಯಾಟಿಟ್ಯೂಡ್ ತೆಗೆದುಕೊಳ್ಳಿ: 2,700 ನಾಟಿಕಲ್ ಮೈಲಿ ಹಾರುತ್ತದೆ, ಆರಡಿ ಎತ್ತರದ ಕ್ಯಾಬಿನ್, ನೆಲ ಸಪಾಟು, 3,600 ಅಡಿಯೊಳಗಿನ ರನ್‌ವೇಯಿಂದ ಏಳುತ್ತದೆ. ಯಾವ ಒಂದರಲ್ಲೂ ದಾಖಲೆ ಮುರಿದಿಲ್ಲ, ಆದರೆ ಎಲ್ಲ ಕಡೆ ಹೋಗುತ್ತದೆ. ಎಲ್ಲ ಕಡೆ ಹೋಗುವ ವಿಮಾನವನ್ನು ಖಾಲಿ ನಿಲ್ಲಿಸುವ ಪ್ರಮೇಯ ಕಡಿಮೆ.

ಈಗ ನಿಮ್ಮ ಎರಡನೇ ಕಂಪನಿ, ಎರಡೇ ಮಾದರಿ ಇಟ್ಟುಕೊಂಡದ್ದು. ಈ ದಾರಿಯಲ್ಲಿ ಚೆನ್ನಾಗಿ ನಡೆದುಕೊಂಡು ಬಂದಿರುವ ಉದಾಹರಣೆ ನ್ಯೂ ಹ್ಯಾಂಪ್‌ಷೈರ್‌ನ ಪೋರ್ಟ್ಸ್‌ಮತ್‌ನಲ್ಲಿರುವ ಪ್ಲೇನ್‌ಸೆನ್ಸ್. 1995ರಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಪಿಸಿ-12 ಹಿಡಿದು ಹೊರಟವರು. ಒಂದೇ ಎಂಜಿನ್, ಅದೂ ಪ್ರೊಪೆಲರ್ ತಿರುಗಿಸುವ ಟರ್ಬೊಪ್ರಾಪ್. ಆ ಕಾಲದಲ್ಲಿ ಒಂದು ಎಂಜಿನ್ ವಿಮಾನಕ್ಕೆ ಶ್ರೀಮಂತರು ಹತ್ತುತ್ತಾರಾ ಅನ್ನುವ ಅನುಮಾನ ಸಹಜವಾಗಿತ್ತು. ಆದರೆ ನ್ಯೂ ಇಂಗ್ಲೆಂಡಿನ ಕಡಲತೀರ, ನಾಂಟಕೆಟ್, ಮಾರ್ಥಾಸ್ ವಿನ್ಯರ್ಡ್ ಥರದ ದ್ವೀಪಗಳು, ಗಿಡ್ಡ ರನ್‌ವೇಗಳು, ಒಂದು ಒಂದೂವರೆ ಗಂಟೆಯ ಪಯಣ, ಹಿಂದಿನ ದೊಡ್ಡ ಬಾಗಿಲಿನಲ್ಲಿ ಸೈಕಲ್ಲು ನಾಯಿ ಎಲ್ಲಾ ಹತ್ತಿಸಿಕೊಂಡು ಹೋಗುವ ಕುಟುಂಬಗಳು, ಇವಕ್ಕೆ ಆ ವಿಮಾನ ಕೈಗೆ ಬಳೆ ಹೊಂದಿದ ಹಾಗೆ ಹೊಂದಿತು. ಈಗ ಮೂವತ್ತಕ್ಕೂ ಹೆಚ್ಚು ಪಿಸಿ-12 ಇವೆ. ಪಿಲಾಟಸ್ ಜೆಟ್ ಮಾಡಿದಾಗ, 2018ರ ಫೆಬ್ರವರಿಯಲ್ಲಿ ಮೊದಲ ಪಿಸಿ-24 ಪಡೆದವರೂ ಇವರೇ. ಹಳೆಯ ಗಿರಾಕಿಗೆ ದೂರ ಹೋಗಲು ಜೆಟ್ ಬೇಕೆನಿಸಿದರೆ ಬೇರೆ ಕಂಪನಿಗೆ ಓಡಬೇಕಿಲ್ಲ, ಅದೇ ಮನೆಯಲ್ಲಿ ಸಿಗುತ್ತದೆ. ತಯಾರಕರು ಒಬ್ಬರೇ ಆದ್ದರಿಂದ ಸಂಬಂಧವೂ ಗಟ್ಟಿ. ನನಗೆ ಬಹಳ ಇಷ್ಟವಾದ ಫ್ಲೀಟ್ ಇದು, ಮುಚ್ಚುಮರೆ ಇಲ್ಲದೆ ಹೇಳುತ್ತೇನೆ.

ಆದರೆ ಒಂದೇ ಮಾದರಿ ಇಟ್ಟವರೆಲ್ಲ ಗೆದ್ದಿಲ್ಲ. ಫ್ಲಾರಿಡಾದ ಕ್ಲಿಯರ್‌ವಾಟರ್‌ನಲ್ಲಿದ್ದ ಅವಾಂಟೇರ್ ಇಟಲಿಯ ಪಿಯಾಜಿಯೋ ಅವಾಂತಿ ಹಿಡಿದಿತ್ತು. ಪ್ರೊಪೆಲರ್ ಹಿಂದಕ್ಕಿರುವ ಚೆಂದದ ವಿಮಾನ, ಸಣ್ಣ ಜೆಟ್‌ನ ಹತ್ತಿರ ಹತ್ತಿರ ವೇಗ, ಇಂಧನ ಕಡಿಮೆ, ಒಳಗೆ ಜಾಗ ವಿಶಾಲ. ಐವತ್ತಕ್ಕೂ ಹೆಚ್ಚು ಇದ್ದವು. ಲೆಕ್ಕದ ಪ್ರಕಾರ ಎಲ್ಲಾ ಸರಿ ಇತ್ತು ಅಲ್ವಾ? ತೊಂದರೆ ಏನೆಂದರೆ ಜಗತ್ತಿನಲ್ಲಿ ಆ ವಿಮಾನವೇ ಕಡಿಮೆ. ಬಿಡಿಭಾಗ ದೂರದಿಂದ ಬರಬೇಕು, ಬಲ್ಲ ಮೆಕ್ಯಾನಿಕ್‌ಗಳು ವಿರಳ, ಮಾರಲು ಹೋದರೆ ಕೊಳ್ಳುವವರು ಬೆರಳೆಣಿಕೆ. 2012ರ ಜುಲೈನಲ್ಲಿ ಒಂದು ವಿಮಾನದ ಎಲಿವೇಟರ್, ಅಂದರೆ ಮೂತಿಯನ್ನು ಮೇಲೆ ಕೆಳಗೆ ಮಾಡುವ ಬಾಲದ ಭಾಗ, ಕಳಚಿ ಬಿದ್ದ ಘಟನೆ ಆಯಿತು. ಅದೇ ಅಕ್ಟೋಬರ್‌ನಲ್ಲಿ, ಬಿಡಿಭಾಗಗಳ ದಾಖಲೆ ಸರಿಪಡಿಸಲು ಇಡೀ ಫ್ಲೀಟನ್ನು ಕಂಪನಿಯೇ ನೆಲಕ್ಕಿಳಿಸಿತು. ಒಂದೇ ಮಾದರಿ ಅಂದರೆ ಇಳಿಸಿದಾಗ ಎಲ್ಲಾ ಇಳಿಯುತ್ತವೆ, ಕಳಿಸಲು ಬೇರೆ ಏನೂ ಉಳಿಯುವುದಿಲ್ಲ. 2013ರ ಜೂನ್‌ನಲ್ಲಿ ಬಾಗಿಲು ಮುಚ್ಚಿತು, ಆಮೇಲೆ ದಿವಾಳಿ ಪ್ರಕ್ರಿಯೆ. ಪಾಲುದಾರರು ತಮ್ಮ ವಿಮಾನ ಯಾವುದು, ಯಾವ ಸ್ಥಿತಿಯಲ್ಲಿದೆ ಅಂತ ಹುಡುಕಿಕೊಂಡು ಹೋಗಬೇಕಾಯಿತು. ಪಿಯಾಜಿಯೋ ಕಂಪನಿಯೂ 2018ರ ಕೊನೆಯಲ್ಲಿ ಸರ್ಕಾರ ನೇಮಿಸಿದ ಆಡಳಿತಗಾರರ ಕೈಗೆ ಹೋಯಿತು.

ಇತ್ತೀಚಿನದು ನಾರ್ತ್ ಕೆರೊಲಿನಾದ ಜೆಟ್ ಇಟ್. ಹೋಂಡಾಜೆಟ್ ಮೇಲೆ ಕಟ್ಟಿದ ಕಂಪನಿ. 2023ರ ಮೇ ತಿಂಗಳಲ್ಲಿ ಸೌತ್ ಕೆರೊಲಿನಾದಲ್ಲಿ ಒಂದು ಹೋಂಡಾಜೆಟ್ ರನ್‌ವೇ ದಾಟಿ ಹೋಗಿ ಬೆಂಕಿಗೆ ಸಿಕ್ಕಿತು, ಪುಣ್ಯಕ್ಕೆ ಒಳಗಿದ್ದವರು ಬದುಕಿದರು. ಅದರ ಬೆನ್ನಿಗೇ ಕಂಪನಿ ತನ್ನ ಹೋಂಡಾಜೆಟ್‌ಗಳನ್ನೆಲ್ಲ ನಿಲ್ಲಿಸಿತು, ಹೆಚ್ಚು ದಿನ ಕಳೆಯುವ ಮೊದಲೇ ಕಂಪನಿಯೇ ನಿಂತಿತು. ಮರುವರ್ಷ, 2024ರಲ್ಲಿ, ಹೋಂಡಾಜೆಟ್‌ಗಳನ್ನೇ ನೆಚ್ಚಿದ್ದ ವೊಲಾಟೋ ಕೂಡ ತನ್ನ ಫ್ಲೀಟ್ ನಡೆಸುವ ಕೆಲಸವನ್ನು ಇನ್ನೊಂದು ಕಂಪನಿಗೆ ಒಪ್ಪಿಸಿತು. ವಿಮಾನದ ಮಾದರಿಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ, ದರ ಕಡಿಮೆ ಇಟ್ಟು ಬೆಳೆಯಲು ಹೋದವರಿಗೆ ಬೇರೆ ಕಷ್ಟಗಳೂ ಇರುತ್ತವೆ. ಆದರೆ ಬಂಡವಾಳ ತೆಳ್ಳಗಿದ್ದಾಗ ಎರಡನೇ ಮಾದರಿ ಇಲ್ಲದಿರುವುದು ದೊಡ್ಡ ಅಪಾಯ. ಪ್ಲೇನ್‌ಸೆನ್ಸ್ ಹಿಡಿದದ್ದು ಜಗತ್ತಿನಾದ್ಯಂತ ಸಾವಿರಕ್ಕೂ ಮೀರಿ ಮಾರಾಟವಾದ, ಪಿಟಿ6 ಎಂಜಿನ್‌ನ ವಿಮಾನ. ಅದು ಕೆಟ್ಟರೆ ಕೈ ಹಾಕಲು ಎಲ್ಲೆಡೆ ಜನ ಇದ್ದಾರೆ. ವ್ಯತ್ಯಾಸ ಅಲ್ಲಿದೆ.

ತಯಾರಕರು ಉಳಿಯುತ್ತಾರಾ ಅನ್ನುವುದನ್ನೂ ಕಂಪನಿ ಊಹಿಸಬೇಕು. ಹಾಕರ್ ಬೀಚ್‌ಕ್ರಾಫ್ಟ್ 2012ರಲ್ಲಿ ದಿವಾಳಿ ಅರ್ಜಿ ಹಾಕಿ ಜೆಟ್ ತಯಾರಿಕೆಯನ್ನೇ ನಿಲ್ಲಿಸಿತು, ಹಾಕರ್ 4000 ಕೊಂಡವರ ಸ್ಥಿತಿ ಏನಾಗಿರಬೇಕು ಯೋಚಿಸಿ. ಶಬ್ದಕ್ಕಿಂತ ವೇಗವಾಗಿ ಹಾರುವ ಏರಿಯಾನ್ ವಿಮಾನಕ್ಕೆ 2015ರಲ್ಲಿ ಫ್ಲೆಕ್ಸ್‌ಜೆಟ್ 20ರ ಆರ್ಡರ್ ಕೊಟ್ಟಿತ್ತು, 2021ರಲ್ಲಿ ಏರಿಯಾನ್ ಮುಚ್ಚಿತು. ಅದು ಬರೀ ಆರ್ಡರ್ ಆಗಿದ್ದರಿಂದ ಪಾಲುದಾರರಿಗೆ ಏಟು ತಗಲಲಿಲ್ಲ.

ಹಳೆಯ ವಿಮಾನ ಕೊಂಡು ಪಾಲು ಮಾರುವ ದಾರಿಯೂ ಇದೆ. 1998ರಲ್ಲಿ ಕೆನ್ ರಿಚಿ ಅವರೇ ಶುರು ಮಾಡಿದ ಫ್ಲೈಟ್ ಆಪ್ಷನ್ಸ್ ಹೀಗೇ ಮಾಡಿತ್ತು. ಪಾಲಿನ ಬೆಲೆ ಇಳಿಯುತ್ತದೆ, ಮೌಲ್ಯ ಕುಸಿತವೂ ನಿಧಾನ. ಆದರೆ ಒಂದೊಂದು ವಿಮಾನದ ಕಾಕ್‌ಪಿಟ್ ಒಂದೊಂದು ಥರ, ಒಳಗಿನ ಸೀಟು ಒಂದೊಂದು ಥರ, ತಪಾಸಣೆಗಳೂ ಜಾಸ್ತಿ. ಹೆಸರಿಗೆ ಒಂದೇ ಮಾದರಿಯ ಹತ್ತು ವಿಮಾನ ಇದ್ದರೂ ಹ್ಯಾಂಗರಿನವರಿಗೆ ಹತ್ತು ಬೇರೆ ವಿಮಾನ ಇದ್ದ ಹಾಗೆ.

ಇನ್ನು ನಿಮ್ಮ ವಿಷಯಕ್ಕೆ ಬರೋಣ. ನಾಲ್ಕು ಜನ, ಷಿಕಾಗೋ, ರಾಲಿ, ಫ್ಲಾರಿಡಾ. ಇದಕ್ಕೆ ಫೀನಮ್ 300 ಅಳತೆಯ ಜೆಟ್ ಸರಿಯಾಗಿ ಸಾಲುತ್ತದೆ. ಸುಮಾರು 2,000 ನಾಟಿಕಲ್ ಮೈಲಿ ಹಾರುವ ವಿಮಾನ, ಫ್ಲಾರಿಡಾ ಅದಕ್ಕೆ ಏನೂ ಅಲ್ಲ. ಲಾಸ್ ಏಂಜಲೀಸ್ ಮಾತ್ರ ಅದರ ಕೈಗೆ ಎಟುಕುವುದಿಲ್ಲ, ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ ಇರುತ್ತದೆ, ನಡುವೆ ಒಂದು ಕಡೆ ಇಳಿದು ಇಂಧನ ತುಂಬಿಸಬೇಕು. ವರ್ಷಕ್ಕೆ ಎರಡು ಸಲಕ್ಕಾಗಿ ದೊಡ್ಡ ವಿಮಾನದ ಪಾಲು ಕೊಳ್ಳಬೇಡಿ. ಆ ಎರಡು ಸಲ ಪ್ರೇಟರ್ 500 ಅಥವಾ ಲ್ಯಾಟಿಟ್ಯೂಡ್‌ಗೆ ಬದಲಾಯಿಸಿಕೊಳ್ಳಿ, ಬದಲಿನ ಅನುಪಾತ ಎಷ್ಟು, ಅಂದರೆ ದೊಡ್ಡದರ ಒಂದು ಗಂಟೆಗೆ ನಿಮ್ಮ ಪಾಲಿನ ಎಷ್ಟು ಗಂಟೆ ಕಳೆಯುತ್ತಾರೆ, ಅಂತ ಒಪ್ಪಂದದಲ್ಲೇ ಬರೆಸಿ. ಏಳೆಂಟು ಮಾದರಿ ಇರುವ ಕಂಪನಿಯ ಅನುಕೂಲ ನಿಮಗೆ ಸಿಗುವುದು ಇಲ್ಲೇ. ಪಿಸಿ-12 ರಾಲಿಗೆ ಚೆನ್ನಾಗಿದೆ. ಷಿಕಾಗೋಗೆ ಎದುರುಗಾಳಿಯಲ್ಲಿ ಎರಡೂವರೆ ಗಂಟೆ ಮೀರುತ್ತದೆ, ಫ್ಲಾರಿಡಾಕ್ಕೆ ಇನ್ನೂ ಜಾಸ್ತಿ. ನಿಮಗೆ ವೇಳೆ ಮುಖ್ಯವಾದರೆ ಎರಡನೇ ಕಂಪನಿಯಲ್ಲಿ ಜೆಟ್ ಪಾಲನ್ನೇ ಕೇಳಿ.

50 ಗಂಟೆ ಸಾಲುತ್ತದಾ ಅಂತ ಮೊದಲು ಬರೆದು ನೋಡಿ. ತಿಂಗಳಿಗೊಂದು ಸಲದ 12 ಪ್ರವಾಸ, ಲಾಸ್ ಏಂಜಲೀಸ್‌ನ 2, ಹೋಗಿ ಬರುವುದು ಸೇರಿ 28 ಹಾರಾಟ. ಪ್ರತಿ ಹಾರಾಟಕ್ಕೂ ನೆಲದ ಮೇಲಿನ ಓಡಾಟ ಅಂತ 12 ನಿಮಿಷ ಸೇರಿಸುವುದು ಈ ವ್ಯವಹಾರದಲ್ಲಿ ರೂಢಿ. ಅದೇ ಐದೂವರೆ ಗಂಟೆ ಆಯಿತು, ನಿಮ್ಮ ಪಾಲಿನ ಹತ್ತನೇ ಒಂದು ಭಾಗ. ಲಾಸ್ ಏಂಜಲೀಸ್ ಎರಡು ಸಲ ಅಂದರೆ ಇಪ್ಪತ್ತು ಗಂಟೆಯ ಮೇಲೆ, ದೊಡ್ಡ ವಿಮಾನದ ಅನುಪಾತ ಸೇರಿದರೆ ಇನ್ನೂ ಹೆಚ್ಚು. ಉಳಿದದ್ದರಲ್ಲಿ 12 ಪ್ರವಾಸ ಮುಗಿಯುವುದು ಅನುಮಾನ. ಕ್ಯಾಲಿಫೋರ್ನಿಯಾಕ್ಕೆ ಮಾಮೂಲಿ ಏರ್‌ಲೈನ್ಸ್‌ನಲ್ಲಿ ಹೋಗಿ, ಉಳಿದದ್ದಕ್ಕೆ ಪಾಲು ಬಳಸಿದರೆ ಲೆಕ್ಕ ಕೂರುತ್ತದೆ.

ಮೂರನೇ ಕಂಪನಿಗೆ ನಾನು ಹಣ ಹಾಕುವುದಿಲ್ಲ. ವಿಮಾನ ಕೆಟ್ಟದ್ದು ಅಂತ ಅಲ್ಲ. ಒಂದೇ ಮಾದರಿ, ಅದೂ ಕೆಲವೇ ವಿಮಾನ, ಕಡಿಮೆ ದರ, ಹೊಸ ಕಂಪನಿ, ಈ ನಾಲ್ಕೂ ಒಟ್ಟಿಗೆ ಸೇರಿರುವುದು ನನಗೆ ಹಿಡಿಸುವುದಿಲ್ಲ. ಅಷ್ಟಕ್ಕೂ ಮನಸ್ಸು ಅಲ್ಲೇ ಇದ್ದರೆ ಪಾಲು ಬಿಟ್ಟು, ಮುಂಗಡ ಕಟ್ಟಿ ಹಾರಾಟದ ಗಂಟೆಗಳನ್ನಷ್ಟೇ ಕೊಳ್ಳುವ ಜೆಟ್ ಕಾರ್ಡ್ ಕೇಳಿ, ಅದರಲ್ಲೂ ಮುಂಗಡ ಆದಷ್ಟು ಕಡಿಮೆ ಇರಲಿ.

ಮೊದಲ ಎರಡು ಕಂಪನಿಗಳಿಗೆ ಬರೆದು ಕೇಳಬೇಕಾದದ್ದು ಇಷ್ಟು. ನೀವು ಪಾಲು ಕೊಳ್ಳುವ ಮಾದರಿಯಲ್ಲಿ ಇವತ್ತು ಎಷ್ಟು ವಿಮಾನ ಇವೆ, ಅದರಲ್ಲಿ ಪಾಲುದಾರರದ್ದಲ್ಲದೆ ಕಂಪನಿಯ ಸ್ವಂತದ್ದು ಎಷ್ಟು. ಎಲ್ಲರೂ ಹಾರುವ ಕಳೆದ ಥ್ಯಾಂಕ್ಸ್‌ಗಿವಿಂಗ್ ವಾರದಲ್ಲಿ ಎಷ್ಟು ಹಾರಾಟಕ್ಕೆ ಹೊರಗಿನ ಚಾರ್ಟರ್ ತರಿಸಿದರು. ಈ ಮಾದರಿಯನ್ನು ಫ್ಲೀಟಿನಿಂದ ತೆಗೆಯುವ ಯೋಚನೆ ಇದೆಯಾ, ಇದ್ದರೆ ಯಾವ ವರ್ಷ, ಯಾಕೆಂದರೆ ನಿಮ್ಮ ಒಪ್ಪಂದ ಸಾಮಾನ್ಯವಾಗಿ ಐದು ವರ್ಷದ್ದು, ಕೊನೆಯಲ್ಲಿ ನಿಮ್ಮ ಪಾಲನ್ನು ಕೊಳ್ಳುವವರು ಅವರೇ. ಆಗಿನ ಮಾರುಕಟ್ಟೆ ದರ ಯಾರು ನಿರ್ಧರಿಸುತ್ತಾರೆ, ಅದರಲ್ಲಿ ಎಷ್ಟು ಕಮಿಷನ್ ಮುರಿಯುತ್ತಾರೆ, ನಿಮಗೆ ಒಪ್ಪಿಗೆ ಆಗದಿದ್ದರೆ ಹೊರಗಿನ ಮೌಲ್ಯಮಾಪಕರನ್ನು ಕರೆಯಬಹುದಾ. 2025ರ ಜನವರಿ 19ರ ನಂತರ ಕೊಂಡ ವಿಮಾನಗಳಿಗೆ ತೆರಿಗೆ ಲೆಕ್ಕದಲ್ಲಿ ಮತ್ತೆ ಶೇ. 100 ಡಿಪ್ರಿಸಿಯೇಶನ್ ಸಿಗುವಂತಾಗಿದೆ, ಮಾರುವವರು ಅದನ್ನೇ ಮುಂದೆ ಮಾಡಿ ಆತುರಪಡಿಸುತ್ತಾರೆ. ಆ ಭಾಗವನ್ನು ನಿಮ್ಮ ಆಡಿಟರ್‌ಗೆ ಬಿಡಿ, ಈ ಉತ್ತರಗಳು ಕೈಗೆ ಬರುವವರೆಗೆ ಸಹಿ ಹಾಕಬೇಡಿ. ಬಂದ ಮೇಲೆ ನನಗೆ ಕಳಿಸಿ, ಗಂಟೆ ಮತ್ತು ಬದಲಿನ ಅನುಪಾತದ ಲೆಕ್ಕವನ್ನು ಒಮ್ಮೆ ಒಟ್ಟಿಗೆ ಹಾಕಿ ನೋಡೋಣ.